ಹಸ್ತಿ ಮಳೆಯೂ ಗ್ರಹಗಳ ಕೂಟವೂ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಎರೆಹೊಲಗಳಲ್ಲಿ ಪ್ರತಿ ಮಳೆಗೂ ಒಂದು ಹೆಸರಿದೆ. ಮಿರಗ, ಆದ್ರಿ, ಹುಬ್ಬಿ, ಉತ್ತರಿ, ಹಸ್ತಿ, ಚಿತ್ತಿ. ಸೂರ್ಯ ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳಲ್ಲಿ ಬಿದ್ದದ್ದು ಆ ನಕ್ಷತ್ರದ ಮಳೆ. ಯುಗಾದಿಯಂದು ಪಂಚಾಂಗ ಓದುವಾಗ ಊರು ಕಿವಿಗೊಡುವುದು ಇದೇ ಮಳೆ-ಬೆಳೆಯ ಮಾತಿಗೆ. ಆದರೆ ಆ ಹೊತ್ತಗೆಯಲ್ಲಿ ಎರಡು ಬೇರೆ ಬೇರೆ ವಿದ್ಯೆಗಳು ಒಟ್ಟಿಗೆ ಕೂತಿವೆ. ಒಂದು, ರೈತರು ತಲೆಮಾರುಗಳಿಂದ ಕಣ್ಣಿಟ್ಟು ಕಟ್ಟಿದ ಋತುಗಳ ಲೆಕ್ಕ. ಇನ್ನೊಂದು, ಗ್ರಹಗಳ ನೆಲೆ ನೋಡಿ ಬಿರುಗಾಳಿ, ಅತಿವೃಷ್ಟಿ, ಬರಗಳನ್ನು ತಿಂಗಳುಗಳ ಮುಂಚೆ ಹೇಳುವ ಫಲಭಾಗ. ಮೊದಲನೆಯದು ನಂಬಿಕೆಗೆ ಅರ್ಹ. ಎರಡನೆಯದನ್ನು ನೆಚ್ಚಿ ಬಿತ್ತನೆಯ ಬೀಜ, ಸಾಲದ ದುಡ್ಡು ಪಣಕ್ಕಿಡಬಾರದು ಎಂಬುದೇ ನನ್ನ ವಾದ.

ಮಳೆ ನಕ್ಷತ್ರಗಳ ಲೆಕ್ಕ ಫಲಿಸುವುದೇಕೆ? ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂದರೆ ವರ್ಷದ ಯಾವ ಪಕ್ಷದಲ್ಲಿದ್ದೇವೆ ಎಂದೇ ಅರ್ಥ. ಉತ್ತರಿ ಸೆಪ್ಟೆಂಬರ್ 13ರ ಹೊತ್ತಿಗೆ ಹುಟ್ಟುತ್ತದೆ, ಹಸ್ತಿ 27ರ ಹೊತ್ತಿಗೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ರಾಯಚೂರು ಜಿಲ್ಲೆಯಲ್ಲಿ ಸೆಪ್ಟೆಂಬರೇ ಹೆಚ್ಚು ಮಳೆಯ ತಿಂಗಳು. ಆ ಹಸಿಯ ಮೇಲೆಯೇ ಹಿಂಗಾರಿ ಬಿಳಿಜೋಳ, ಕಡಲೆ ಬಿತ್ತನೆ ನಿಂತಿದೆ. ಹಾಗಾಗಿ ಈ ಮಳೆಗಳನ್ನು ಕಾಯುವ ರೈತ ನೂರಾರು ವರ್ಷಗಳ ಸರಾಸರಿಯನ್ನು ಕಾಯುತ್ತಿದ್ದಾನೆ. ಆದರೆ ಆ ಮಳೆಯನ್ನು ಸುರಿಸುವುದು ನಕ್ಷತ್ರವಲ್ಲ. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುವುದರಿಂದ ಋತುಗಳಿಗೂ ನಕ್ಷತ್ರಗಳಿಗೂ ಇರುವ ಹೊಂದಾಣಿಕೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜಾರುತ್ತದೆ. ಆರನೆಯ ಶತಮಾನದ ಜ್ಯೋತಿಷಿ ವರಾಹಮಿಹಿರನ ಕಾಲದಲ್ಲಿ ಮೇಷ ಸಂಕ್ರಮಣ ಹಗಲಿರುಳು ಸಮವಾಗುವ ದಿನದ ಆಸುಪಾಸಿನಲ್ಲಿತ್ತು. ಈಗ ಅದು ಏಪ್ರಿಲ್ 14ಕ್ಕೆ ಬರುತ್ತದೆ, ಮೂರು ವಾರಕ್ಕೂ ಮೀರಿದ ಅಂತರ. ಆರಿದ್ರಾ (ಆದ್ರಿ) ನಕ್ಷತ್ರವೇ ಮಳೆ ತರುವುದಾಗಿದ್ದರೆ ಮುಂಗಾರೂ ಅದರ ಬೆನ್ನು ಹಿಡಿದು ಅಷ್ಟೇ ಮುಂದಕ್ಕೆ ಸರಿಯಬೇಕಿತ್ತು. ಮುಂಗಾರು ಸೂರ್ಯನ ಬಿಸಿಲನ್ನು, ಕಾದ ನೆಲವನ್ನು, ಕಡಲನ್ನು ಅನುಸರಿಸುತ್ತದೆ.

ಫಲಭಾಗದ ಲೆಕ್ಕ ಬೇರೆಯೇ. ವರ್ಷದ ಮೇಘಾಧಿಪತಿಯನ್ನು, ಅಂದರೆ ಮಳೆಗೆ ಒಡೆಯನಾದ ಗ್ರಹವನ್ನು, ನಿರ್ಧರಿಸುವುದು ಸೂರ್ಯ ಆರಿದ್ರಾ ಪ್ರವೇಶಿಸಿದ ವಾರ ಯಾವುದು ಎಂಬುದರಿಂದ. ಸೋಮವಾರವಾದರೆ ಚಂದ್ರ, ಶನಿವಾರವಾದರೆ ಶನಿ. ಏಳು ದಿನದ ವಾರ ಮನುಷ್ಯರು ಮಾಡಿಕೊಂಡ ಕಟ್ಟಳೆ. ಮೋಡಕ್ಕೆ ಸೋಮವಾರ, ಮಂಗಳವಾರಗಳಿಲ್ಲ. ಪ್ರತಿ ಮಳೆಗೆ ಹೇಳುವ ಕಪ್ಪೆ, ನರಿ, ಆನೆ, ಕತ್ತೆ ಮುಂತಾದ ವಾಹನಗಳೂ ಸೂರ್ಯ ನಕ್ಷತ್ರದಿಂದ ಚಂದ್ರ ನಕ್ಷತ್ರದವರೆಗೆ ಎಣಿಸಿ, ಒಂಬತ್ತರಿಂದ ಭಾಗಿಸಿ ಉಳಿದ ಶೇಷದಿಂದ ಸಿಗುವಂಥವು. ಹೀಗೆ ಬಂದ ಉತ್ತರ ಮಂಗಳೂರಿಗೂ ಅದೇ, ಮಸ್ಕಿಗೂ ಅದೇ. ಅಲ್ಲಿ ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುತ್ತದೆ, ಇಲ್ಲಿ ಅದರ ಐದನೆಯ ಒಂದು ಪಾಲೂ ಬೀಳುವುದಿಲ್ಲ. ಹಾಗೆಂದು ಹಳೆಯ ವಿದ್ವಾಂಸರನ್ನು ಕಡೆಗಣಿಸುವಂತಿಲ್ಲ. ವರಾಹಮಿಹಿರನ ಬೃಹತ್ಸಂಹಿತೆ ಮಳೆಯನ್ನು ಪಾತ್ರೆಯಿಟ್ಟು ಅಳೆಯುವ ಕ್ರಮ ಹೇಳುತ್ತದೆ. ಮೋಡ ಗರ್ಭ ಕಟ್ಟಿದ 195 ದಿನಕ್ಕೆ ಹೆರುತ್ತದೆ ಎಂದು ಗಡುವು ಸಮೇತ ನುಡಿಯುತ್ತದೆ. ಕನ್ನಡದಲ್ಲೇ ಸುಮಾರು 1300ರ ಹೊತ್ತಿಗೆ ರಟ್ಟಕವಿ ಮಳೆ, ಮಿಂಚು, ಭೂಕಂಪಗಳ ಲಕ್ಷಣ ಕುರಿತು ‘ರಟ್ಟಮತ’ ಬರೆದ. ಅವರು ಗಾಳಿ, ಮೋಡ, ಮಿಂಚುಗಳನ್ನು ದಿಟ್ಟಿಸಿ ನೋಡಿದವರು. ದಿನ ಹೇಳಿ ನುಡಿದ ಮಾತನ್ನು ದಿನ ನೋಡಿಯೇ ಪರೀಕ್ಷಿಸಬಹುದು. ಅವರಿಗೆ ಸಲ್ಲಬೇಕಾದ ಗೌರವ ಆ ಪರೀಕ್ಷೆಯೇ.

ಗ್ರಹಕೂಟಗಳ ವಿಷಯದಲ್ಲಿ ಪರೀಕ್ಷೆ ಹಲವು ಬಾರಿ ನಡೆದುಹೋಗಿದೆ. 1186ರ ಸೆಪ್ಟೆಂಬರಿನಲ್ಲಿ ಗ್ರಹಗಳು ತುಲೆಯಲ್ಲಿ ಸೇರಿದಾಗ ಭೀಕರ ಬಿರುಗಾಳಿ ಏಳುತ್ತದೆಂದು ಯುರೋಪು ನಡುಗಿತ್ತು. ಆ ಗಾಳಿ ಏಳಲಿಲ್ಲ. 1962ರ ಫೆಬ್ರುವರಿ 3ರಿಂದ 5ರವರೆಗೆ ಮಕರದಲ್ಲಿ ಅಷ್ಟಗ್ರಹ ಕೂಟವಾದಾಗ ಭಾರತದ ತುಂಬ ಹೋಮ ಯಜ್ಞಗಳಾದವು, ಪ್ರಳಯವಾಗಲಿಲ್ಲ. ಗ್ರಹಗಳು ಭೂಮಿಯ ಗಾಳಿಯನ್ನು ಎಳೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎಳೆಯುತ್ತವೆ, ಆದರೆ ಎಷ್ಟು? ಕಡಲಲ್ಲಿ ಉಬ್ಬರ ಎಬ್ಬಿಸುವ ಚಂದ್ರನ ಸೆಳೆತಕ್ಕೆ ಹೋಲಿಸಿದರೆ ಶುಕ್ರನದು ತೀರ ಹತ್ತಿರ ಬಂದಾಗಲೂ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಗುರು ದೈತ್ಯನಾದರೂ ದೂರ ಹೆಚ್ಚಿರುವುದರಿಂದ ಅದರ ಸೆಳೆತ ಇನ್ನೂ ಕಡಿಮೆ. ಎಲ್ಲ ಗ್ರಹಗಳೂ ಒಂದೇ ಸಾಲಿಗೆ ಬಂದರೂ ಮೋಡವೊಂದನ್ನು ಕದಲಿಸುವಷ್ಟು ಬಲ ಕೂಡುವುದಿಲ್ಲ.

‘ಪಂಚಾಂಗ ಹೇಳಿದ್ದು ಎಷ್ಟೋ ಸಲ ನಿಜವಾಗಿದೆಯಲ್ಲ?’ ಎಂಬ ಮಾತಿಗೆ 2009 ಉತ್ತರ ಕೊಡುತ್ತದೆ. ಆ ವರ್ಷ ಮುಂಗಾರು ದೇಶದ ಸರಾಸರಿಗಿಂತ ಶೇ 22ರಷ್ಟು ಕಡಿಮೆಯಾಗಿ ಬರ ಬಿತ್ತು. ಅದೇ ಹಂಗಾಮಿನ ತುದಿಗೆ, ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲಲ್ಲಿ, ರಾಯಚೂರು ಸೇರಿ ಉತ್ತರ ಕರ್ನಾಟಕವನ್ನು ಮಳೆ ಮುಳುಗಿಸಿತು; ಮಂತ್ರಾಲಯಕ್ಕೆ ತುಂಗಭದ್ರೆ ನುಗ್ಗಿದಳು. ಆಗ ನಡೆಯುತ್ತಿದ್ದದ್ದು ಹಸ್ತಿ ಮಳೆ, ಆದ್ದರಿಂದ ನಕ್ಷತ್ರ ಸುಳ್ಳಾಗಲಿಲ್ಲ ಎನ್ನಬಹುದು. ಆದರೆ ಹಸ್ತಿ ಪ್ರತಿ ವರ್ಷ ಅದೇ ತಾರೀಖಿಗೆ ಬರುತ್ತದೆ, ಅಂಥ ನೆರೆ ಬರುವುದಿಲ್ಲ. ಆ ವರ್ಷದ ವಿಶೇಷ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ಹವಾಮಾನ ಇಲಾಖೆಯೂ ಎಡವಲಿಲ್ಲವೇ? ಎಡವಿತು. ಅದು ಏಪ್ರಿಲಿನಲ್ಲಿ ಸರಾಸರಿಯ ಶೇ 96ರಷ್ಟು ಮಳೆ ಎಂದಿತ್ತು, ಬಿದ್ದದ್ದು ಶೇ 78. ತಪ್ಪು ದೊಡ್ಡದೇ. ಆದರೆ ಅಂಕಿ ಬರೆದಿಟ್ಟಿದ್ದರಿಂದ ತಪ್ಪನ್ನು ಅಳೆಯಲು ಬಂತು, ಅಳೆದದ್ದರಿಂದ ವಿಧಾನ ತಿದ್ದಲು ಬಂತು. ‘ಕೆಲವೆಡೆ ಅತಿವೃಷ್ಟಿ, ಕೆಲವೆಡೆ ಅನಾವೃಷ್ಟಿ’ ಎಂಬ ವಾಕ್ಯ ಯಾವ ವರ್ಷಕ್ಕೂ ಸಲ್ಲುವುದರಿಂದ ಅದನ್ನು ತಿದ್ದುವ ದಾರಿಯೇ ಇಲ್ಲ.

ಗ್ರಹಣವನ್ನು ನಿಮಿಷ ತಪ್ಪದೆ ಹೇಳುವ ಪಂಚಾಂಗಕ್ಕೆ ಮಳೆ ಏಕೆ ದಕ್ಕುವುದಿಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ. ಸೂರ್ಯ, ಚಂದ್ರ, ಭೂಮಿಗಳ ನಡಿಗೆ ನಿಯತ. ಇಂದಿನ ಸಣ್ಣ ಲೆಕ್ಕದೋಷ ನೂರು ವರ್ಷಕ್ಕೂ ಸಣ್ಣದಾಗಿಯೇ ಉಳಿಯುತ್ತದೆ. ಗಾಳಿಯಲ್ಲಿ ಹಾಗಲ್ಲ. ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿದಂತೆ ಅಲ್ಲಿ ಕೂದಲೆಳೆಯ ವ್ಯತ್ಯಾಸವೂ ದಿನಗಳಲ್ಲಿ ಬೆಳೆದು ಇಡೀ ಚಿತ್ರವನ್ನು ಬದಲಿಸುತ್ತದೆ. ಎರಡು ವಾರದಾಚೆಗೆ ‘ಇಂಥ ದಿನ ಇಂಥ ಊರಿಗೆ ಬಿರುಗಾಳಿ’ ಎನ್ನಲು ಅತಿ ದೊಡ್ಡ ಕಂಪ್ಯೂಟರಿಗೂ ಆಗದು. ಋತು ಪೂರ್ತಿ ಮಳೆ ಹೆಚ್ಚೋ ಕಡಿಮೆಯೋ ಎಂಬ ಒಲವನ್ನು ಮಾತ್ರ ಎಲ್ ನಿನೊದಂಥ ಕಡಲ ಬಿಸಿಯಿಂದ ಊಹಿಸಬಹುದು.

ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಪಾಡು ಇನ್ನೂ ಜಟಿಲ. ಸಿಂಧನೂರಿನ ಭತ್ತ ಕುಡಿಯುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಅದು ಬಿದ್ದದ್ದು ಮಲೆನಾಡಿನಲ್ಲಿ. ಲಿಂಗಸುಗೂರಿನ ಕೃಷ್ಣಾ ನಡುಗಡ್ಡೆಗಳ ದಾರಿ ಕಡಿಯುವುದು ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದು ಬಸವಸಾಗರ ಜಲಾಶಯದಿಂದ ಹೊರಬಿಟ್ಟ ನೀರಿನಿಂದ. ಊರಿನ ಮೇಲೆ ಹನಿ ಬೀಳದಿದ್ದರೂ ನಡುಗಡ್ಡೆಗಳಿಗೆ ಹೋಗುವ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಈ ಊರುಗಳಿಗೆ ಬೇಕಾದ ಸುದ್ದಿ ಜಲಾಶಯದ ಒಳಹರಿವಿನದು. ಸ್ವಾತಿ, ವಿಶಾಖೆಯ ದಿನಗಳಲ್ಲಿ ಭತ್ತ ಕೊಯ್ಲಿಗೆ ನಿಂತಾಗ ಕೊಲ್ಲಿಯಲ್ಲಿ ಚಂಡಮಾರುತ ಹುಟ್ಟಿದರೆ ಹವಾಮಾನ ಇಲಾಖೆ ಅದರ ದಾರಿಯನ್ನು ಮೂರ್ನಾಲ್ಕು ದಿನ ಮೊದಲೇ ತೋರಿಸುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿದರೆ ರೈತನಿಗೆ ಮಳೆಯ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಆ ಮೂರ್ನಾಲ್ಕು ದಿನದಲ್ಲಿ ಯಂತ್ರ ಕರೆಸಿ ಗದ್ದೆ ಕೊಯ್ಯಬಹುದು, ಕೊಯ್ದದ್ದಕ್ಕೆ ತಾಡಪಾಲು ಹೊದಿಸಬಹುದು, ಕೊಯ್ಯದಿದ್ದರೆ ಬದುವಿನಲ್ಲಿ ನೀರು ಬಸಿಯಲು ದಾರಿ ಬಿಡಬಹುದು.