ದೊಡ್ಡ ಗಾಲಿ, ತಗ್ಗಿದ ಕಾರು: ಅಂದಕ್ಕೂ ಒಂದು ಲೆಕ್ಕ

ಹೈದರಾಬಾದ್ ಕಡೆಯಿಂದಾಗಲಿ, ಸೊಲ್ಲಾಪುರದ ಕಡೆಯಿಂದಾಗಲಿ ಬೀದರ್ ಜಿಲ್ಲೆಯ ಗೋರ್ಟಾ (ಬಿ)ಗೆ ಕಾರಿನಲ್ಲಿ ಬರುವವರು ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹಾಯಾಗಿ ಸಾಗಿ ಬರುತ್ತಾರೆ. ಹುಮನಾಬಾದ್, ಬಸವಕಲ್ಯಾಣಗಳ ಸುತ್ತಿನಲ್ಲಿ ಹೆದ್ದಾರಿ ಬಿಟ್ಟು ಊರಿನ ದಾರಿಗೆ ಹೊರಳಿದರೆ ಕಥೆ ಬೇರೆ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣು ತನ್ನ ಮೇಲಿನ ಡಾಂಬರನ್ನು ಸಮನಾಗಿ ಇರಗೊಡುವುದಿಲ್ಲ. ಸುಗ್ಗಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಭಾರ ಬೇರೆ. ಶಾಲೆ, ಗುಡಿ, ಬಸ್ ನಿಲ್ದಾಣಗಳ ಮುಂದೆ ರಸ್ತೆಯುಬ್ಬುಗಳು.

ಈ ಸೀಮೆಯ ಮಕ್ಕಳು ಇಂದು ಪುಣೆ, ಹೈದರಾಬಾದ್, ಬೆಂಗಳೂರುಗಳಲ್ಲಿ ಓದುತ್ತಾರೆ, ದುಡಿಯುತ್ತಾರೆ. ಹಳೆಯ ಐಷಾರಾಮಿ ಸೆಡಾನ್ ಒಂದು ಕೈಗೆಟಕುವ ಬೆಲೆಗೆ ಸಿಕ್ಕಿತೆಂದರೆ ಮನೆಯಲ್ಲಿ ಅದರ ಮಾತು ಶುರು. ಕಾರು ಬಂದ ಮೇಲೆ ಎರಡನೆಯ ಆಸೆ: ದೊಡ್ಡ ಅಲಾಯ್ ಗಾಲಿ ಹಾಕಿಸಬೇಕು, ಕಾರನ್ನು ನೆಲಕ್ಕೆ ತಗ್ಗಿಸಬೇಕು. ಚಿತ್ರದಲ್ಲಿ ನೋಡಲು ಸೊಗಸು. ಆದರೆ ಅದೇ ಕಾರು ಹಬ್ಬಕ್ಕೆ ಅಪ್ಪ, ಅವ್ವ, ಅಜ್ಜಿಯನ್ನು ಕೂರಿಸಿಕೊಂಡು ಊರಿನ ಉಬ್ಬು ದಾಟಬೇಕಲ್ಲ? ಹಣ ಕೊಡುವ ತಂದೆಗೂ, ಹಟ ಹಿಡಿಯುವ ಮಗನಿಗೂ ಇಲ್ಲಿ ನೆರವಾಗುವುದು ಹೈಸ್ಕೂಲಿನ ಗಣಿತವೇ.

ಟೈರಿನ ಮೈಮೇಲಿನ ಅಂಕಿ

ಉದಾಹರಣೆಗೆ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಜೋಡಣೆಯಾಗುವ ಟೊಯೋಟಾ ಕ್ಯಾಮ್ರಿಯನ್ನು ತೆಗೆದುಕೊಳ್ಳಬಹುದು. ಅಮೆರಿಕದಲ್ಲಿ 2018ರ ಮಾದರಿಯ ಕ್ಯಾಮ್ರಿ ದರ್ಜೆಗೆ ತಕ್ಕಂತೆ ಹಲವು ಅಳತೆಯ ಟೈರುಗಳಲ್ಲಿ ಬಂತು. ಅವುಗಳಲ್ಲಿ ಒಂದು 215/55 ಆರ್17. ಇಲ್ಲಿ 215 ಎಂಬುದು ಟೈರಿನ ಅಗಲ, ಮಿ.ಮೀ.ಗಳಲ್ಲಿ. 55 ಎಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 55ರಷ್ಟು, ಅಂದರೆ ಸುಮಾರು 118 ಮಿ.ಮೀ. 17 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದು ಅಂಗುಲಕ್ಕೆ 25.4 ಮಿ.ಮೀ. ಹಿಡಿದು, ಮೇಲೆ ಕೆಳಗೆ ಎರಡು ಗೋಡೆ ಸೇರಿಸಿದರೆ ಇಡೀ ಗಾಲಿಯ ವ್ಯಾಸ 668 ಮಿ.ಮೀ.

ಅದೇ ಕಾರಿನ ಮೇಲ್ದರ್ಜೆಗೆ 18 ಅಂಗುಲದ ರಿಮ್ಮು, 235/45 ಅಳತೆಯ ಟೈರು. ವ್ಯಾಸ ಸುಮಾರು 669 ಮಿ.ಮೀ. ಇನ್ನೂ ಮೇಲಿನದಕ್ಕೆ 19 ಅಂಗುಲ, 235/40. ವ್ಯಾಸ ಸುಮಾರು 671 ಮಿ.ಮೀ. ರಿಮ್ಮು ಎರಡು ಅಂಗುಲ ಬೆಳೆದರೂ ಗಾಲಿ ಬೆಳೆದದ್ದು 3 ಮಿ.ಮೀ.ಗಿಂತ ಕಡಿಮೆ! ರಿಮ್ಮು ಹಿಗ್ಗಿದಷ್ಟು ರಬ್ಬರಿನ ಗೋಡೆಯನ್ನು ಕುಗ್ಗಿಸುವುದೇ ಗುಟ್ಟು.

ಈ ಲೆಕ್ಕ ಮಾಡದೆ, 55ರ ಟೈರನ್ನೇ ಉಳಿಸಿಕೊಂಡು ರಿಮ್ಮು ಮಾತ್ರ 18 ಅಂಗುಲಕ್ಕೆ ಏರಿಸಿದರೆ ವ್ಯಾಸ ಸುಮಾರು 694 ಮಿ.ಮೀ. ಆಗುತ್ತದೆ. ಹೆಚ್ಚಳ ಶೇ 3.8. ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಉರುಳುತ್ತದೆ, ಆದರೆ ಸ್ಪೀಡೋಮೀಟರ್ ಎಣಿಸುವುದು ಹಳೆಯ ಲೆಕ್ಕದಲ್ಲೇ. ಕಾರು ಓಡುವ ನಿಜವಾದ ವೇಗ ಅದು ತೋರಿಸುವುದಕ್ಕಿಂತ ಅಷ್ಟು ಹೆಚ್ಚಾಗುತ್ತದೆ. ತಿರುವಿನಲ್ಲಿ ಗಾಲಿ ಮಡ್‌ಗಾರ್ಡಿಗೆ ಉಜ್ಜುವ ಭಯ ಬೇರೆ.

ವ್ಯಾಸ ಸರಿಹೋದರೂ ಇನ್ನೊಂದು ಬೆಲೆ ತೆರಬೇಕು. 17 ಅಂಗುಲದ ಗಾಲಿಯಲ್ಲಿ 118 ಮಿ.ಮೀ. ಇದ್ದ ರಬ್ಬರಿನ ಗೋಡೆ 19 ಅಂಗುಲದ್ದರಲ್ಲಿ 94ಕ್ಕೆ ಇಳಿಯುತ್ತದೆ. ಗುಂಡಿಯ ಪೆಟ್ಟನ್ನು ಮೊದಲು ನುಂಗುವುದು ಆ ಗೋಡೆಯೇ. ಅದು ತೆಳುವಾದಷ್ಟೂ ಪೆಟ್ಟು ನೇರ ರಿಮ್ಮಿಗೆ. ಉಕ್ಕಿನ ರಿಮ್ಮು ಸಾಮಾನ್ಯವಾಗಿ ಬಾಗುತ್ತದೆ. ಅಲಾಯ್ ಸೀಳಲೂಬಹುದು. ಹೆದ್ದಾರಿಯ ವೇಗದಲ್ಲಿ ರಿಮ್ಮು ಸೀಳಿದರೆ ಏನಾದೀತು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಟೈರಿನ ಮೇಲೆ ಕೊನೆಗೆ ಬರುವ 91ವಿ ಎಂಬಂಥ ಗುರುತನ್ನೂ ಓದಬೇಕು. 91 ಎಂದರೆ ಆ ಟೈರು ಹೊರಬಲ್ಲ ಭಾರ 615 ಕಿಲೋ; ವಿ ಎಂದರೆ ತಾಳಬಲ್ಲ ವೇಗ ಗಂಟೆಗೆ 240 ಕಿ.ಮೀ. ಹೊಸ ಟೈರಿನ ಈ ಎರಡು ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು.

ತಗ್ಗಿಸುವ ದಾರಿಗಳು

ಕಾರನ್ನು ತಗ್ಗಿಸುವುದು ಬರೀ ಷೋಕಿಯಲ್ಲ. ಭಾರ ನೆಲಕ್ಕೆ ಹತ್ತಿರವಾದರೆ ತಿರುವಿನಲ್ಲಿ ಕಾರು ವಾಲುವುದು ಕಡಿಮೆ. ರೇಸ್ ಕಾರುಗಳು ನೆಲಕ್ಕೆ ಅಂಟಿಕೊಂಡಂತೆ ಇರುವುದು ಇದಕ್ಕೇ. ಆದರೆ ರೇಸಿನ ದಾರಿಯಲ್ಲಿ ಗುಂಡಿಯಿಲ್ಲ, ಎಮ್ಮೆಯಿಲ್ಲ.

ದಾರಿಗಳು ಮುಖ್ಯವಾಗಿ ನಾಲ್ಕು. ಆ ಮಾದರಿಗೆಂದೇ ಮಾಡಿದ ಗಿಡ್ಡ ಸ್ಪ್ರಿಂಗ್ ಹಾಕಿಸುವುದು ಒಂದು. ತಿರುಪಿನಿಂದ ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಇನ್ನೊಂದು. ಇದರಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಜೋಡಿಯಾಗಿ ಬರುತ್ತವೆ. ಮೂರನೆಯದು ಗಾಳಿಚೀಲದ ಏರ್ ಸಸ್ಪೆನ್ಷನ್. 1998ರಲ್ಲಿ ಬಂದ ಮರ್ಸಿಡಿಸ್ ಎಸ್-ಕ್ಲಾಸ್ ಇದನ್ನು ಕಾರ್ಖಾನೆಯಿಂದಲೇ ತಂದಿತು. ವೇಗದಲ್ಲಿ ಕಾರು ತಾನೇ ತಗ್ಗುತ್ತದೆ, ಕೆಟ್ಟ ದಾರಿಯಲ್ಲಿ ಗುಂಡಿ ಒತ್ತಿ ಏರಿಸಿಕೊಳ್ಳಬಹುದು. ಕೆಟ್ಟರೆ ರಿಪೇರಿ ಮಾತ್ರ ದುಬಾರಿ.

ನಾಲ್ಕನೆಯದು ಅತಿ ಅಗ್ಗ, ಅತಿ ಅಪಾಯ: ಇದ್ದ ಸ್ಪ್ರಿಂಗನ್ನೇ ಕತ್ತರಿಸುವುದು. ಕೆಲಸ ಮಾಡುವ 6 ಸುರುಳಿಗಳಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಸ್ಪ್ರಿಂಗಿನ ಬಿಗಿತ ಶೇ 20ರಷ್ಟು ಏರುತ್ತದೆ. ಹೊಂದಿಕೊಳ್ಳುವ ಜಾಗ ಕಡಿಮೆ, ಪೆಟ್ಟು ಹೆಚ್ಚು. ಗಾಲಿ ಜೋತು ಬಿದ್ದಾಗ ಸ್ಪ್ರಿಂಗ್ ತನ್ನ ಕೂರುಮಣೆಯಿಂದ ಜಾರಲೂಬಹುದು. ಯಾವ ದಾರಿಯಲ್ಲಿ ತಗ್ಗಿಸಿದರೂ ಗಾಲಿಯ ಕೋನ ಬದಲಾಗಿ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಅಲೈನ್‌ಮೆಂಟ್ ಮತ್ತೆ ಮಾಡಿಸಲೇಬೇಕು.

ಉಬ್ಬಿನ ಮೇಲೆ ಉಳಿಯುವುದೆಷ್ಟು?

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ರಸ್ತೆಯುಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. 17 ಮೀಟರ್ ತ್ರಿಜ್ಯದ ವೃತ್ತದ ತುಂಡು. ಮುಂದಿನ ಹಿಂದಿನ ಗಾಲಿಗಳ ಅಂತರ 2.8 ಮೀಟರ್ ಇರುವ ಸೆಡಾನ್ ಅದರ ನಡುವೆ ನಿಂತಿದೆ ಎನ್ನೋಣ. ಅಂತರದ ವರ್ಗವನ್ನು ತ್ರಿಜ್ಯದ 8 ಪಟ್ಟಿನಿಂದ ಭಾಗಿಸಿದರೆ ಗಾಲಿಗಳ ಮಟ್ಟಕ್ಕಿಂತ ಉಬ್ಬು ಎಷ್ಟು ಮೇಲೆದ್ದಿದೆ ಎಂಬುದು ಸಿಗುತ್ತದೆ: ಸುಮಾರು 58 ಮಿ.ಮೀ. ಕಾರಿನ ಹೊಟ್ಟೆ ನೆಲದಿಂದ 150 ಮಿ.ಮೀ. ಮೇಲಿದ್ದರೆ ಉಳಿಯುವುದು 92. ಕಾರನ್ನು 40 ಮಿ.ಮೀ. ತಗ್ಗಿಸಿದರೆ ಉಳಿಯುವುದು 52. ಐದು ಜನ ಕೂತು ಡಿಕ್ಕಿ ತುಂಬಿದರೆ ಅದೂ ಕರಗುತ್ತದೆ.

ಇದು ಅಳತೆಯ ಉಬ್ಬಿನ ಮಾತು. ಊರವರು ತಾವೇ ಹಾಕಿಕೊಂಡ, ಗೋಡೆಯಂತೆ ಕಿರಿದಾದ ಉಬ್ಬು ಎರಡು ಗಾಲಿಗಳ ನಡುವೆ ಪೂರ್ತಿ ನುಗ್ಗುತ್ತದೆ. ಅದರ ಎತ್ತರ 12 ಸೆಂ.ಮೀ. ಇದ್ದರೆ 150 ಮಿ.ಮೀ.ನ ಕಾರು ದಾಟುತ್ತದೆ, 110ಕ್ಕೆ ತಗ್ಗಿಸಿದ್ದು ಹೊಟ್ಟೆ ಉಜ್ಜುತ್ತದೆ. ಪೆಟ್ಟು ಬೀಳುವುದು ಎಂಜಿನ್ ಎಣ್ಣೆಯ ಸಂಪಿಗೆ, ಹೊಗೆಕೊಳವೆಗೆ. ಸಂಪು ಒಡೆದು ಎಣ್ಣೆ ಸೋರಿದ್ದನ್ನು ಗಮನಿಸದೆ ಓಡಿಸಿದರೆ ಎಂಜಿನ್ನೇ ಹೋಗುತ್ತದೆ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಟಿಗೆ ಕಟ್ಟು ಹಾಕಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ 6 ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕಾರು ಓಡಿಸುವವನು ಮಗನಾದರೂ ನೋಂದಣಿ ತಂದೆಯ ಹೆಸರಿನಲ್ಲಿದ್ದರೆ ಉತ್ತರ ಹೇಳಬೇಕಾದವರು ತಂದೆ. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ಪರಿಹಾರಕ್ಕೂ ಅಡ್ಡಿಯಾಗಬಹುದು. ಕೆಎ-56 ಸಂಖ್ಯೆ ಕೊಡುವ ಬಸವಕಲ್ಯಾಣದ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದಕ್ಕೆ ಖರ್ಚಿಲ್ಲ.

ಹಾಗಾದರೆ ಏನು ಮಾಡಬಹುದು? ಅದೇ ಮಾದರಿಯ ಮೇಲ್ದರ್ಜೆಗೆ ಕಂಪನಿಯೇ ಕೊಡುವ ರಿಮ್ಮು ಮತ್ತು ಟೈರಿನ ಜೋಡಿಯನ್ನು ಆರಿಸುವುದು ಕ್ಷೇಮ. ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತದ ವ್ಯಾಸ, ನಡುತೂತಿನ ಅಳತೆ ಎಲ್ಲವೂ ಅದರಲ್ಲಿ ಹೊಂದಿರುತ್ತವೆ. ನಕಲಿ ರಿಮ್ಮು ಬೇಡ. ಎತ್ತರವನ್ನು ಮಾತ್ರ ಕಂಪನಿ ಕೊಟ್ಟಂತೆ ಬಿಡುವುದೇ ಲೇಸು. ಉಳಿದ ಹಣದಲ್ಲಿ ಒಳ್ಳೆಯ ಟೈರು, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಹಳೆಯ ಕಾರಿನ ನಡಿಗೆಯೇ ಬದಲಾದೀತು.

ತಗ್ಗಿಸುವ ವಿದ್ಯೆಯ ಮೇಲೆ ನಿಜವಾದ ಪ್ರೀತಿಯಿರುವ ವಿದ್ಯಾರ್ಥಿಗೆ ಬೇರೆ ದಾರಿಯಿದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್‌ನಂಥ ತಂಡಗಳಲ್ಲಿ ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುತ್ತಾರೆ. ಗಾಲಿಯ ಕೋನ, ಸ್ಪ್ರಿಂಗಿನ ಬಿಗಿತ, ಎತ್ತರ ಎಲ್ಲವೂ ಅವರದೇ ಲೆಕ್ಕ. ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಹುಮನಾಬಾದಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಆಸೆಯನ್ನು ಅಭ್ಯಾಸವಾಗಿಸಿಕೊಳ್ಳಲು ದೂರ ಹೋಗಬೇಕಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕಾರಿನ ವಿಷಯದಲ್ಲಿ ಹಾಸಿಗೆಯೆಂದರೆ ಮನೆಮುಂದಿನ ರಸ್ತೆ.