ಮೊಲಕ್ಕೂ ಬೇಕು ಒಂದು ತುರ್ತು ಡಬ್ಬಿ

ಮೇ ತಿಂಗಳ ಭಾನುವಾರ. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಒಂದು ಗಳಿಗೆ ಅಡ್ಡಾಗೋಣ ಅಂತ ಚಾಪೆ ಹಾಸಿದ್ದೀರಿ. ಕರೆಂಟ್ ಬೇರೆ ಹೋಗಿದೆ. ಅಷ್ಟರಲ್ಲಿ ಮಗಳು ಓಡಿ ಬರುತ್ತಾಳೆ. "ಅಮ್ಮಾ, ಚಿನ್ನು ಬೆಳಿಗ್ಗೆ ಹಾಕಿದ ಸೊಪ್ಪು ಮುಟ್ಟೇ ಇಲ್ಲ. ಮೂಲೇಲಿ ಕೂತ್ಕೊಂಡಿದೆ, ಕರೆದ್ರೂ ಬರ್ತಿಲ್ಲ."

ನೀವೇನಂತೀರಿ? "ಬಿಸಿಲಿಗೆ ಇರ್ಬೇಕು ಬಿಡು, ಸಂಜೆ ತಿನ್ನುತ್ತೆ." ನಾಯಿ, ಬೆಕ್ಕಿನ ವಿಷಯದಲ್ಲಿ ಈ ಮಾತು ಹೆಚ್ಚು ಸಲ ನಡೆಯುತ್ತದೆ. ಮೊಲದ ವಿಷಯದಲ್ಲಿ ಮಾತ್ರ ಇದೇ ಮಾತು ಎಷ್ಟೋ ಮನೆಗಳ ಮುದ್ದು ಮೊಲದ ಜೀವ ತೆಗೆಯುತ್ತದೆ.

ಯಾಕೆ ಗೊತ್ತೇ? ಕಾಡಿನಲ್ಲಿ ಮೊಲ ಬೇರೆ ಪ್ರಾಣಿಗಳಿಗೆ ಆಹಾರ. ಸೊರಗಿದ ಮೊಲವೇ ಮೊದಲು ಸಿಕ್ಕಿಬೀಳುತ್ತದೆ. ಹಾಗಾಗಿ ನೋವಿದ್ದರೂ ತೋರಿಸಿಕೊಳ್ಳದಿರುವುದು ಅದರ ಹುಟ್ಟುಗುಣ. ಕೂಗುವುದಿಲ್ಲ, ಕುಂಯ್‌ಗುಡುವುದಿಲ್ಲ. ಸುಮ್ಮನೆ ಮೂಲೆ ಸೇರುತ್ತದೆ. ನಮ್ಮ ಕಣ್ಣಿಗೆ "ಹುಷಾರಿಲ್ಲ" ಅಂತ ಕಾಣುವ ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದೆ ಹೋಗಿರುತ್ತದೆ.

ಇನ್ನೊಂದು, ಅದರ ಹೊಟ್ಟೆ. ಮೊಲದ ಕರುಳು ಹಗಲೂ ರಾತ್ರಿ ಓಡುತ್ತಲೇ ಇರಬೇಕು. ಅದಕ್ಕೇ ಅದು ಸದಾ ಮೆಲ್ಲುತ್ತಿರುವುದು. ಮೇವು ನಿಂತರೆ ಕರುಳಿನ ಚಲನೆ ನಿಧಾನವಾಗಿ, ಗ್ಯಾಸ್ ತುಂಬಿ ನೋವು ಶುರುವಾಗುತ್ತದೆ. ನೋವಿಗೆ ಅದು ಇನ್ನೂ ತಿನ್ನುವುದಿಲ್ಲ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. 12 ಗಂಟೆ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವೆಂದರೆ ಅದು ತುರ್ತು ಪರಿಸ್ಥಿತಿ ಎಂದೇ ತಿಳಿಯಿರಿ.

ಡಬ್ಬಿ ಯಾಕೆ?

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಊರುಗಳು. ಪಶು ಆಸ್ಪತ್ರೆಗಳಿವೆ. ಆದರೆ ಅಲ್ಲಿಗೆ ಬರುವುದು ಹೆಚ್ಚಾಗಿ ದನ, ಎಮ್ಮೆ, ಕುರಿ, ಮೇಕೆ. ಮೊಲ ನೋಡಿ ರೂಢಿಯಿರುವ ಡಾಕ್ಟರ್ ಬೇಕೆಂದರೆ ರಾಯಚೂರಿಗೋ ಬಳ್ಳಾರಿಗೋ ಹೋಗಬೇಕಾಗಿ ಬರಬಹುದು. ಎರಡು ಮೂರು ತಾಸಿನ ದಾರಿ. ರಾತ್ರಿಯೋ ಭಾನುವಾರವೋ ಆದರಂತೂ ಕೇಳಲೇಬೇಡಿ.

ಈ ನಡುವಿನ ತಾಸುಗಳನ್ನು ದಾಟಿಸುವುದಕ್ಕೇ ತುರ್ತು ಡಬ್ಬಿ. ಅದು ಡಾಕ್ಟರಿಗೆ ಬದಲಿ ಅಲ್ಲ. ಡಾಕ್ಟರ್ ಸಿಗುವವರೆಗೆ ಜೀವ ಹಿಡಿದಿಡಲು ಒಂದು ಊರುಗೋಲು ಅಷ್ಟೇ. ಇದನ್ನು ನೆನಪಿಟ್ಟುಕೊಂಡರೆ ಡಬ್ಬಿಯಲ್ಲಿ ಏನಿರಬೇಕು, ಏನಿರಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಡಬ್ಬಿಯಲ್ಲಿ ಏನೇನಿರಲಿ?

ಮುಚ್ಚಳ ಗಟ್ಟಿಯಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು. ಮಕ್ಕಳ ಕೈಗೆ ಸಿಗದ, ಆದರೆ ನಿಮಗೆ ಕತ್ತಲಲ್ಲೂ ಸಿಗುವ ಜಾಗದಲ್ಲಿಡಿ. ಬಹುತೇಕ ಸಾಮಾನು ಊರಿನ ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತವೆ.

* ಸೂಜಿ ಇಲ್ಲದ ಸಿರಿಂಜ್‌ಗಳು: 1 ಎಂಎಲ್, 5 ಎಂಎಲ್ ಎರಡೆರಡು.
* ಡಿಜಿಟಲ್ ಥರ್ಮಾಮೀಟರ್: ಮೊಲಕ್ಕೇ ಪ್ರತ್ಯೇಕವಾಗಿರಲಿ, ಜೊತೆಗೆ ಸ್ವಲ್ಪ ವ್ಯಾಸಲೀನ್. ಅಳೆಯುವುದು ಗುದದ್ವಾರದಲ್ಲಿ. ಹೇಗೆಂದು ಡಾಕ್ಟರ್ ಹತ್ತಿರ ಒಮ್ಮೆ ಕಲಿಯದೆ ಪ್ರಯತ್ನ ಬೇಡ. ಮೊಲದ ಸಹಜ ಉಷ್ಣತೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್. ನಮಗೆ ಜ್ವರವೆನ್ನುವ ಅಂಕಿ ಅದಕ್ಕೆ ಸಹಜ, ಗಾಬರಿಯಾಗಬೇಡಿ.
* ನಾರ್ಮಲ್ ಸಲೈನ್ ಒಂದು ಚಿಕ್ಕ ಬಾಟಲಿ: ಗಾಯ ತೊಳೆಯಲು.
* ಪೊವಿಡೋನ್ ಅಯೋಡಿನ್: ಹಾಗೇ ಹಚ್ಚಬಾರದು. ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿಕೊಳ್ಳಿ.
* ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್, ಮೊಂಡು ತುದಿಯ ಕತ್ತರಿ, ಚಿಮಟ, ಕೈಗವಸು.
* ಒಂದು ಚಿಕ್ಕ ಪೊಟ್ಟಣ ಕಾರ್ನ್‌ಫ್ಲೋರ್: ಉಗುರು ಮುರಿದು ರಕ್ತ ಬಂದಾಗ ಒತ್ತಿ ಹಿಡಿಯಲು.
* ಮೊಲದ ಪೆಲೆಟ್ ಒಂದು ಹಿಡಿ: ಪುಡಿ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ. ನೆನೆಸಿದರೆ ಗಂಜಿಯಾಗುತ್ತದೆ.
* ಟಾರ್ಚ್ ಮತ್ತು ಎರಡು ಹಳೇ ಟವೆಲ್: ಹೆದರಿದ ಮೊಲವನ್ನು ಸುತ್ತಿ ಹಿಡಿಯಲು ಟವೆಲ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಡಬ್ಬಿಯ ಪಕ್ಕದಲ್ಲೇ ಗಾಳಿಯಾಡುವ ಒಂದು ಬುಟ್ಟಿ ಅಥವಾ ಸಾಗಿಸುವ ಪಂಜರ ಇರಲಿ. ಫ್ರೀಜರ್‌ನಲ್ಲಿ ನೀರು ತುಂಬಿದ ಎರಡು ಪ್ಲಾಸ್ಟಿಕ್ ಬಾಟಲಿ ಬೇಸಿಗೆಯುದ್ದಕ್ಕೂ ಇರಲೇಬೇಕು.

ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ. ಅದರಲ್ಲಿ ನಿಮ್ಮೂರಿನ ಪಶು ವೈದ್ಯರ ಫೋನ್ ನಂಬರ್, ಮೊಲ ನೋಡುವ ಡಾಕ್ಟರ ನಂಬರ್, ರಾತ್ರಿಯಲ್ಲೂ ಬರುವ ಆಟೋ ಅಥವಾ ಕಾರಿನವರ ನಂಬರ್, ಜೊತೆಗೆ 1962. ಇದು ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಸೇವೆಯ ಸಹಾಯವಾಣಿ. ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವುದರಿಂದ ಮೊಲವನ್ನೂ ನೋಡುತ್ತಾರಾ ಅಂತ ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಮೊಲದ ತೂಕವನ್ನೂ ಬರೆದಿಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಸಾಕು. ಡಾಕ್ಟರ್ ಔಷಧಿಯ ಅಳತೆ ಹೇಳುವುದು ತೂಕದ ಮೇಲೆಯೇ. ತೂಕ ಇಳಿಯುತ್ತಿದ್ದರೆ ಕಾಯಿಲೆಯ ಸುಳಿವೂ ಅಲ್ಲೇ ಸಿಗುತ್ತದೆ.

ಡಬ್ಬಿಯಲ್ಲಿ ಏನಿರಬಾರದು?

ಇದನ್ನು ದಯವಿಟ್ಟು ಎರಡು ಸಲ ಓದಿ. ಮನೆಯಲ್ಲಿ ಮಗುವಿಗೆ ತಂದ ಆ್ಯಂಟಿಬಯೋಟಿಕ್ ಸಿರಪ್ ಅರ್ಧ ಉಳಿದಿರುತ್ತದೆ. "ಚಿಕ್ಕ ಮಗುವಿಗೇ ಕೊಡ್ತಾರೆ, ಮೊಲಕ್ಕೆ ಎರಡು ಹನಿ ಹಾಕಿದ್ರೆ ಏನಾಗುತ್ತೆ?" ಅನ್ನಿಸುವುದು ಸಹಜ. ಆದರೆ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಇವನ್ನೆಲ್ಲ ಬಾಯಿಂದ ಕೊಟ್ಟರೆ ಮೊಲ ಸಾಯಬಹುದು. ಮೇವು ಅರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳು ಅದರ ಕರುಳಿನಲ್ಲಿರುತ್ತವೆ. ಈ ಔಷಧಿಗಳು ಅವನ್ನು ಕೊಂದುಬಿಡುತ್ತವೆ. ಆ ಜಾಗದಲ್ಲಿ ವಿಷ ಉಗುಳುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು, ಭೇದಿಯಾಗಿ ಕೆಲವೇ ದಿನಗಳಲ್ಲಿ ಮೊಲ ಹೋಗಿಬಿಡುತ್ತದೆ. ಮೊಲಕ್ಕೆ ಹೊಂದುವ ಆ್ಯಂಟಿಬಯೋಟಿಕ್‌ಗಳು ಬೇರೆ ಇವೆ. ಅವನ್ನು ಡಾಕ್ಟರೇ ಬರೆಯಬೇಕು.

ಎರಡನೆಯದು, ನಾಯಿ–ಬೆಕ್ಕಿನ ಉಣ್ಣೆಗೆ ಹಾಕುವ ಫಿಪ್ರೊನಿಲ್ ಹನಿ ಮತ್ತು ಸ್ಪ್ರೇ. ಮೊಲಕ್ಕೆ ಇದು ವಿಷ. ಭತ್ತದ ಕಾಂಡಕೊರಕ ಹುಳಕ್ಕೆ ಬಳಸುವ ಕೀಟನಾಶಕಗಳಲ್ಲೂ ಇದೇ ಫಿಪ್ರೊನಿಲ್ ಇದೆ. ತುಂಗಭದ್ರಾ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸಿಂಧನೂರಿನ ಸುತ್ತಮುತ್ತ ಹೊಲದ ಬದುವಿನ ಹುಲ್ಲು ಹಸಿರಾಗಿದೆ ಅಂತ ಕೊಯ್ದು ತರುವ ಮೊದಲು "ಎಣ್ಣೆ ಹೊಡೆದೀರೇನು?" ಅಂತ ಕೇಳಿಯೇ ತನ್ನಿ. ಭತ್ತ, ಹತ್ತಿ, ಮೆಣಸಿನಕಾಯಿ ಯಾವ ಹೊಲವಾದರೂ ಸರಿ, ಅನುಮಾನವಿದ್ದರೆ ಆ ಹುಲ್ಲು ಬೇಡವೇ ಬೇಡ.

ಮೂರನೆಯದು, ನೋವಿನ ಮಾತ್ರೆ. ಮನೆಯಲ್ಲಿರುವ ಯಾವ ನೋವಿನ ಗುಳಿಗೆಯನ್ನೂ ನಿಮ್ಮ ಅಂದಾಜಿನಲ್ಲಿ ಕೊಡಬೇಡಿ.

ತಿನ್ನದೇ ಕೂತಾಗ

ಮೊದಲು ಹೊಟ್ಟೆ ಮುಟ್ಟಿ ನೋಡಿ. ಡೋಲಿನಂತೆ ಬಿಗಿಯಾಗಿ ಉಬ್ಬಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಹೊರಡಿ. ಹೊಟ್ಟೆ ಮೆತ್ತಗಿದ್ದು ಮೊಲ ಎಚ್ಚರವಾಗಿದ್ದರೆ ಕೊತ್ತಂಬರಿ, ಪುದೀನ ಹೀಗೆ ಅದಕ್ಕೆ ಇಷ್ಟವಾದ ಸೊಪ್ಪು ಮೂಗಿನ ಹತ್ತಿರ ಹಿಡಿಯಿರಿ. ಅದನ್ನೂ ಒಲ್ಲೆನೆಂದರೆ ಡಾಕ್ಟರಿಗೆ ಫೋನ್ ಮಾಡಿ. ಅವರು ಹೂಂ ಎಂದರೆ ಪೆಲೆಟ್ ಗಂಜಿಯನ್ನು ಸಿರಿಂಜ್‌ನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹಾಕಿ. ಅಗಿದು ನುಂಗುವವರೆಗೆ ಕಾಯಿರಿ. ಅಂಗಾತ ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಜೋಕೆ.

ಕಿವಿ, ಪಾದ ತಣ್ಣಗಾಗಿದ್ದು ಉಷ್ಣತೆ 38 ಡಿಗ್ರಿಗಿಂತ ಕೆಳಗಿದ್ದರೆ ಸ್ಥಿತಿ ಗಂಭೀರ. ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕದಲ್ಲಿಟ್ಟು ಬೆಚ್ಚಗೆ ಕರೆದೊಯ್ಯಿರಿ.

ಬಿಸಿಲು ಬಡಿದಾಗ

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಮೊಲಕ್ಕೋ 30 ದಾಟಿದರೇ ಕಷ್ಟ. ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಅದಕ್ಕೆ ಬಾರದು, ಉದ್ದ ಕಿವಿಗಳಿಂದಲೇ ಶಾಖ ಹೊರಹಾಕಬೇಕು. ಜೋರು ಉಸಿರು, ಕೆಂಪಗೆ ಕಾದ ಕಿವಿ, ಬಾಯಿ ತೆರೆದು ಏದುಸಿರು, ಜೊಲ್ಲು, ಮೈ ಸೋತು ಬೀಳುವುದು – ಇವು ಲಕ್ಷಣಗಳು.

ತಕ್ಷಣ ನೆರಳಿಗೆ ತನ್ನಿ. ಸಾದಾ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿ, ಪಾದ ಒರೆಸುತ್ತಾ ಗಾಳಿ ಬೀಸಿ. ಐಸ್ ನೀರಿನಲ್ಲಿ ಮುಳುಗಿಸಲೇಬೇಡಿ, ಆ ಆಘಾತಕ್ಕೇ ಜೀವ ಹೋಗಬಹುದು. ಸ್ವಲ್ಪ ಚೇತರಿಸಿಕೊಂಡರೂ ಡಾಕ್ಟರಿಗೆ ತೋರಿಸಿ. ದಾರಿಯಲ್ಲಿ ಫ್ರೀಜರ್ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ಒಂದು ಬದಿಗಿಡಿ.

ಮೊದಲೇ ಎಚ್ಚರ ವಹಿಸುವುದು ಇನ್ನೂ ಸುಲಭ. ಪಂಜರ ತಗಡಿನ ಶೆಡ್ಡಿನ ಕೆಳಗೆ, ತಾರಸಿಯ ಮೇಲೆ ಬೇಡ. ಶಹಾಬಾದ್ ಕಲ್ಲಿನ ಒಂದು ತುಂಡನ್ನು ತಣ್ಣೀರಲ್ಲಿ ನೆನೆಸಿ ಒಳಗಿಟ್ಟರೆ ಕರೆಂಟ್ ಹೋದಾಗಲೂ ಮೊಲ ಅದರ ಮೇಲೆ ಹಾಯಾಗಿ ಮಲಗುತ್ತದೆ.

ಹುಳು ಬಿದ್ದಾಗ, ಪೆಟ್ಟಾದಾಗ

ಮಳೆಗಾಲದಲ್ಲಿ ಹಿಂಭಾಗ ಒದ್ದೆಯಾಗಿ, ಗಲೀಜಾಗಿ ಇದ್ದರೆ ನೊಣ ಕೂತು ಮೊಟ್ಟೆ ಇಡುತ್ತದೆ. ಒಂದು ದಿನದೊಳಗೇ ಹುಳುಗಳಾಗಿ ಚರ್ಮ ಕೊರೆಯತೊಡಗಬಹುದು. ದಿನಕ್ಕೆರಡು ಸಲ ಬಾಲದ ಕೆಳಗೆ ನೋಡಿ. ಹುಳು ಕಂಡರೆ ಚಿಮಟದಿಂದ ತೆಗೆಯುತ್ತಾ, ಸಲೈನ್‌ನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್ ಎಣ್ಣೆ ಮೊಲದ ತೆಳು ಚರ್ಮಕ್ಕೆ ಬೇಡ.

ನಾಯಿ, ಬೆಕ್ಕು ಬಾಯಿ ಹಾಕಿದ್ದರೆ ಗಾಯ ಎಷ್ಟೇ ಚಿಕ್ಕದಿರಲಿ, ತೋರಿಸಲೇಬೇಕು. ಮೇಲೆ ಸೂಜಿಮೊನೆಯಷ್ಟು ತೂತು, ಒಳಗೆ ಕೀವು ಎಂಬಂತಾಗುತ್ತದೆ. ಮಕ್ಕಳ ಕೈಯಿಂದ ಜಾರಿಬಿದ್ದು ಹಿಂಗಾಲು ಎಳೆಯುತ್ತಿದ್ದರೆ ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಅಲುಗಾಡಿಸದೆ, ರಟ್ಟು ಅಥವಾ ಮಣೆಯ ಮೇಲೆ ಮಲಗಿಸಿ ಒಯ್ಯಿರಿ. ಕಿವಿ ಹಿಡಿದು ಎತ್ತಬಾರದು, ಎದೆ ಮತ್ತು ಹಿಂಭಾಗ ಎರಡಕ್ಕೂ ಕೈ ಕೊಟ್ಟೇ ಎತ್ತಬೇಕು ಎಂದು ಮಕ್ಕಳಿಗೆ ಇವತ್ತೇ ಹೇಳಿಕೊಡಿ.

ಸುಮ್ಮನೆ ಗಾಬರಿ ಬೇಡ

ಮೊಲ ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಅಸಹ್ಯಪಡಬೇಡಿ, ಅದಕ್ಕೆ ಬೇಕಾದ ಪೋಷಕಾಂಶ ಸಿಗುವುದೇ ಅದರಿಂದ. ಕೆಲವು ಸೊಪ್ಪು ತಿಂದಾಗ ಮೂತ್ರ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗಬಹುದು. ಮೊಲ ಲವಲವಿಕೆಯಿಂದಿದ್ದು ಒಂದೆರಡು ದಿನದಲ್ಲಿ ಬಣ್ಣ ಸರಿಹೋದರೆ ಚಿಂತೆಯಿಲ್ಲ. ಮುಕ್ಕುತ್ತಾ ಕಷ್ಟಪಟ್ಟು ಮೂತ್ರ ಮಾಡುತ್ತಿದ್ದರೆ ಮಾತ್ರ ತೋರಿಸಿ.

ಇನ್ನೊಂದು ಮಾತು. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತರಬೇಡಿ. ತಾಯಿ ಮರಿಗಳನ್ನು ಬಿಟ್ಟು ದೂರವಿದ್ದು ಹಾಲೂಡಿಸಲಷ್ಟೇ ಬರುತ್ತದೆ, ಅದು ಅನಾಥ ಮರಿಯಲ್ಲ. ಅದು ನಮ್ಮ ಸಾಕುಮೊಲದ ಜಾತಿಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವಂತಿಲ್ಲ.

ಯುಗಾದಿಗೊಮ್ಮೆ, ದಸರೆಗೊಮ್ಮೆ

ಡಬ್ಬಿ ಮಾಡಿಟ್ಟು ಮರೆತರೆ ಪ್ರಯೋಜನವಿಲ್ಲ. ಯುಗಾದಿಗೆ ಮನೆ ಸಾರಿಸುವಾಗ ಒಮ್ಮೆ, ದಸರೆಗೆ ಒಮ್ಮೆ ಬಿಚ್ಚಿ ನೋಡಿ. ಅವಧಿ ಮುಗಿದದ್ದನ್ನು ತೆಗೆದು ಹೊಸದಿಡಿ. ಪೆಲೆಟ್ ಪುಡಿಯನ್ನು ತಿಂಗಳಿಗೊಮ್ಮೆ ಬದಲಿಸಿ, ಒಮ್ಮೆ ತೆರೆದ ಸಲೈನ್ ಬಾಟಲಿಯನ್ನು ಉಳಿಸಿಕೊಳ್ಳಬೇಡಿ. ಊರಿಗೆ ಹೋಗುವಾಗ ಮೊಲವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದರೆ ಡಬ್ಬಿಯನ್ನೂ ಒಪ್ಪಿಸಿ.

ಅಂದಹಾಗೆ, ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದ್ದೇನೆ ಎಂದು ಅಶೋಕ ತನ್ನ ಎರಡನೇ ಬಂಡೆ ಶಾಸನದಲ್ಲಿ ಬರೆಸಿದ್ದಾನೆ. ಆ ರಾಜನ ಹೆಸರು ಅಶೋಕ ಎಂದು ಜಗತ್ತಿಗೆ ಖಚಿತಪಡಿಸಿದ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲೇ. ಅಷ್ಟು ದೊಡ್ಡ ವ್ಯವಸ್ಥೆ ನಮ್ಮಿಂದಾಗದು, ನಿಜ. ಒಂದು ಡಬ್ಬಿ ಆಗುತ್ತದಲ್ಲ? ಮುಂದಿನ ಸಲ ಮಗಳು "ಅಮ್ಮಾ, ಚಿನ್ನು ತಿಂತಿಲ್ಲ" ಅಂತ ಓಡಿ ಬಂದಾಗ "ಸಂಜೆ ನೋಡೋಣ" ಅನ್ನಬೇಡಿ. "ಡಬ್ಬಿ ತಗೊಂಡು ಬಾ, ನಾನು ಡಾಕ್ಟರಿಗೆ ಫೋನ್ ಮಾಡ್ತೀನಿ" ಅನ್ನಿ.