ಲಂಜ್ ವ್ಯಾಯಾಮದಲ್ಲಿ ಮೊಣಕಾಲಿನ ನಿಲುವು: ದೈಹಿಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ಅಭ್ಯರ್ಥಿಗಳಿಗೆ ಮಾಹಿತಿ

ಹಾವೇರಿ ಜಿಲ್ಲೆಯ ಹಿರೇಕೆರೂರು ಹಾಗೂ ಸುತ್ತಲಿನ ತಾಲ್ಲೂಕುಗಳಿಂದ ಪೊಲೀಸ್ ಮತ್ತು ಕೇಂದ್ರ ಸಶಸ್ತ್ರ ಪಡೆಗಳ ಹುದ್ದೆಗಳಿಗೆ ಅರ್ಜಿ ಸಲ್ಲಿಸುವ ಯುವಜನರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರಾಜ್ಯದ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗಳಲ್ಲಿ ಪುರುಷರಿಗೆ 1600 ಮೀಟರ್, ಮಹಿಳೆಯರಿಗೆ 400 ಮೀಟರ್ ಓಟದೊಂದಿಗೆ ಜಿಗಿತ ಹಾಗೂ ಗುಂಡು ಎಸೆತದ ಪರೀಕ್ಷೆಗಳು ನಡೆದಿವೆ. ಇವುಗಳ ತಯಾರಿಯಲ್ಲಿ ಒಂದು ಕಾಲನ್ನು ಮುಂದಿಟ್ಟು, ಎರಡೂ ಮೊಣಕಾಲು ಮಡಿಸಿ ಕೆಳಗಿಳಿಯುವ ಲಂಜ್ ವ್ಯಾಯಾಮವು ಸಾಮಾನ್ಯವಾಗಿರುತ್ತದೆ. ಗರಡಿ ಮನೆಯ ಬಸ್ಕಿಗೆ ಇದು ಹತ್ತಿರದ ಸಂಬಂಧಿ. ತಿಂಗಳುಗಟ್ಟಲೆ ತಯಾರಿ ನಡೆಸಿ ಪರೀಕ್ಷೆಯ ಹೊತ್ತಿಗೆ ಮಂಡಿಚಿಪ್ಪಿನ ನೋವಿಗೆ ಒಳಗಾದಲ್ಲಿ ಅಭ್ಯರ್ಥಿಯು ಅವಕಾಶವನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

ಮುಂದಿನ ಕಾಲಿನ ಮೊಣಕಾಲು ಬೆರಳುಗಳ ತುದಿಯನ್ನು ದಾಟಲೇಬಾರದೆಂಬ ಸೂಚನೆ ಮೈದಾನಗಳಲ್ಲಿ ಪ್ರಚಲಿತವಾಗಿದೆ. ಇದು ಪೂರ್ಣ ಸತ್ಯವಲ್ಲ. ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವವರ ಮೊಣಕಾಲು ಬೆರಳುಗಳನ್ನು ದಾಟಿಯೇ ಇರುತ್ತದೆ. ಮೊಣಕಾಲು ಮುಂದೆ ಸರಿದಷ್ಟೂ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿನ ಕೆಲಸವೂ ಮಂಡಿಚಿಪ್ಪಿನ ಮೇಲಿನ ಒತ್ತಡವೂ ಹೆಚ್ಚುತ್ತವೆ. ಮೊಣಗಂಟು ನೆಟ್ಟಗೆ ನಿಂತಲ್ಲಿ ಹೊರೆಯು ಸೊಂಟದ ಕೀಲಿನ ಕಡೆಗೆ, ಅಂದರೆ ಪೃಷ್ಠ ಮತ್ತು ಹಿಂದೊಡೆಯ ಸ್ನಾಯುಗಳ ಕಡೆಗೆ ಸರಿಯುತ್ತದೆ. ಬಸ್ಕಿಯನ್ನೇ ಹೋಲುವ ಸ್ಕ್ವಾಟ್ ವ್ಯಾಯಾಮದ ಬಗ್ಗೆ 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಲಗೆಯನ್ನಿಟ್ಟು ಮೊಣಕಾಲು ಮುಂದೆ ಬಾರದಂತೆ ತಡೆದಾಗ ಮೊಣಕಾಲಿನ ಮೇಲಿನ ತಿರುಗುಬಲವು ಸುಮಾರು 150ರಿಂದ 117 ನ್ಯೂಟನ್ ಮೀಟರಿಗೆ ಇಳಿದರೆ, ಸೊಂಟದ ಕೀಲಿನ ಮೇಲಿನದು ಸುಮಾರು 28ರಿಂದ 303ಕ್ಕೆ ಏರಿತು. ಮೊಣಕಾಲಿಗೆ ಉಳಿದ ಹೊರೆ ಸೊಂಟಕ್ಕೆ ಬಿತ್ತು, ಅದೂ ಹಲವು ಪಟ್ಟಾಗಿ.

ಮುಂಡದ ಬಾಗು ಕೂಡ ಇದೇ ರೀತಿ ಪರಿಣಾಮ ಬೀರುತ್ತದೆ. ಲಂಜ್ ಕುರಿತ 2008ರ ಇನ್ನೊಂದು ಅಧ್ಯಯನದಲ್ಲಿ ಮುಂಡವನ್ನು ಮುಂದೆ ಬಾಗಿಸಿದಾಗ ಪೃಷ್ಠ ಮತ್ತು ಹಿಂದೊಡೆಯ ಸ್ನಾಯುಗಳ ಚಟುವಟಿಕೆ ಹೆಚ್ಚಾಯಿತು.

ಆದುದರಿಂದ ನೋವಿಲ್ಲದ ಅಭ್ಯರ್ಥಿಗಳು ಮೊಣಕಾಲು ತುಸು ಮುಂದೆ ಹೋದುದಕ್ಕೆ ಆತಂಕಪಡಬೇಕಾಗಿಲ್ಲ. ಮಂಡಿಯ ಮುಂಭಾಗದಲ್ಲಿ ನೋವಿರುವವರು ಹೆಜ್ಜೆಯನ್ನು ಉದ್ದವಾಗಿಟ್ಟು, ಹಿಮ್ಮಡಿಯನ್ನು ನೆಲಕ್ಕೂರಿ, ಸ್ವಲ್ಪವೇ ಕೆಳಗಿಳಿಯುವುದು ಸೂಕ್ತ.

ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಮೊಣಕಾಲು ಒಳಕ್ಕೆ ವಾಲುವ ವಿಷಯದಲ್ಲಿ. ಆಗ ತೊಡೆಯೆಲುಬು ಒಳಕ್ಕೆ ತಿರುಗಿ, ಮಂಡಿಚಿಪ್ಪು ಹೊರಬದಿಗೆ ಒತ್ತಲ್ಪಡುತ್ತದೆ. ಸೊಂಟದ ಪಕ್ಕದ ಗ್ಲುಟಿಯಸ್ ಮೀಡಿಯಸ್ ಸ್ನಾಯುವು ತೊಡೆಯನ್ನು ನೇರವಾಗಿ ಹಿಡಿದಿಡಬೇಕು. ಅದು ದುರ್ಬಲವಾಗಿದ್ದಲ್ಲಿ ಅಥವಾ ದಣಿದಲ್ಲಿ ಮೊಣಕಾಲು ವಾಲುತ್ತದೆ. ಓಟ ಮುಗಿಸಿ ದಣಿದ ಕಾಲುಗಳಲ್ಲಿ ನೂರಾರು ಲಂಜ್ ಮಾಡುವ ರೂಢಿ ಹಾನಿಕರವಾಗುವುದು ಇದರಿಂದಲೇ. ಕನ್ನಡಿಯ ಮುಂದೆ ಅಥವಾ ಜೊತೆಗಾರರ ಸಹಾಯದಿಂದ, ಮೊಣಕಾಲು ಪಾದದ ಎರಡನೇ ಬೆರಳಿನ ದಿಕ್ಕಿನಲ್ಲಿಯೇ ಸಾಗುತ್ತಿದೆಯೇ ಎಂದು ಪರಿಶೀಲಿಸಿಕೊಳ್ಳತಕ್ಕದ್ದು. ವಾಲುವಿಕೆ ಕಂಡ ಕೂಡಲೇ ಆ ದಿನದ ಅಭ್ಯಾಸವನ್ನು ನಿಲ್ಲಿಸುವುದು.

ಕೇಂದ್ರ ಸಶಸ್ತ್ರ ಪಡೆಗಳ ನೇಮಕಾತಿಯಲ್ಲಿ, ನೇರ ನಿಂತಾಗ ಎರಡೂ ಮೊಣಕಾಲುಗಳು ತಾಗಿ ಪಾದಗಳು ದೂರವಿರುವ ಸ್ಥಿತಿಯು ವೈದ್ಯಕೀಯ ಅನರ್ಹತೆಗೆ ಕಾರಣವಾಗುತ್ತದೆ. ಇದು ಎಲುಬಿನ ರಚನೆಗೆ ಸಂಬಂಧಿಸಿದ್ದಾದಲ್ಲಿ ಲಂಜ್ ಅಭ್ಯಾಸದಿಂದ ಸರಿಹೋಗುವುದಿಲ್ಲ. ವ್ಯಾಯಾಮದ ವೇಳೆ ಮಾತ್ರ ಕಾಣುವ ವಾಲುವಿಕೆ ಬೇರೆ, ಅದನ್ನು ತರಬೇತಿಯಿಂದ ತಿದ್ದಿಕೊಳ್ಳಬಹುದು. ಸಂಶಯವಿದ್ದವರು ಅರ್ಜಿ ಸಲ್ಲಿಸುವ ಮೊದಲೇ ಸರ್ಕಾರಿ ಆಸ್ಪತ್ರೆಯ ಮೂಳೆ ತಜ್ಞರಲ್ಲಿ ಪರೀಕ್ಷಿಸಿಕೊಂಡು, ಆಯಾ ಅಧಿಸೂಚನೆಯಲ್ಲಿನ ವೈದ್ಯಕೀಯ ಮಾನದಂಡಗಳನ್ನು ಓದಿಕೊಳ್ಳುವುದು.